ಗೋವಿನಜೋಳದ ಕೌಂಟಿಯೊಂದರ ಮತದ ತಖ್ತೆಯನ್ನು ಓದುವ ಬಗೆ

ರಾಣೆಬೆನ್ನೂರು ತಾಲೂಕಿನಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿಸುತ್ತಾ, ಚುನಾವಣೆ ಬಂದಾಗಲೆಲ್ಲ ಮತಗಟ್ಟೆಗೆ ಪೆಟ್ಟಿಗೆ ಹೊರುತ್ತಾ ಸೇವೆ ಮುಗಿಸಿದವನು ನಾನು. ಗೋವಿನಜೋಳದ ರಾಶಿ, ಮತದ ರಾಶಿ, ಇವೆರಡನ್ನು ಬಿಟ್ಟರೆ ನನಗೆ ಬೇರೆ ವಿದ್ಯೆ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಮಗಳ ಮನೆಗೆಂದು ಮಿನ್ನೆಸೋಟದ ರಾಚೆಸ್ಟರಿಗೆ ಹೋದರೆ ಅಲ್ಲಿಯೂ ಕಣ್ಣಿಗೆ ಬಿದ್ದದ್ದು ಇವೆರಡೇ. ಊರು ದಾಟಿದ ಕೂಡಲೇ ಒಣಗಿ ನಿಂತ ಗೋವಿನಜೋಳ. ಹೊಲದ ಅಂಚಿನಲ್ಲಿ ಅಭ್ಯರ್ಥಿಗಳ ಹೆಸರಿನ ಫಲಕ. ಅಳಿಯನಿಗೆ ಹೊಲವೂ ಬೇಡ, ಫಲಕವೂ ಬೇಡ. ನನಗೆ ಮಾತ್ರ ಕಾಲ ಕಳೆಯಲು ಒಂದು ಕೆಲಸ ಸಿಕ್ಕಿತು.

ನವೆಂಬರಿನಲ್ಲಿ ಫಲಿತಾಂಶ ಬಂದ ಮೇಲೆ ಪತ್ರಿಕೆಗಳು ಒಂದು ಹೆಸರನ್ನು ಮತ್ತೆ ಮತ್ತೆ ಬರೆದವು. ಅಯೋವ ರಾಜ್ಯದ ಹೋವರ್ಡ್ ಕೌಂಟಿ. ಇಡೀ ದೇಶದ ಮೂರು ಸಾವಿರದ ನೂರಕ್ಕೂ ಹೆಚ್ಚು ಕೌಂಟಿಗಳಲ್ಲಿ, 2012ರಲ್ಲಿ ಡೆಮಾಕ್ರಟಿಕ್ ಪಕ್ಷದ ಒಬಾಮರನ್ನು ಶೇಕಡಾ 20ಕ್ಕೂ ಮಿಕ್ಕಿದ ಅಂತರದಿಂದ ಗೆಲ್ಲಿಸಿ, ನಾಲ್ಕೇ ವರ್ಷದಲ್ಲಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಅವರನ್ನೂ ಶೇಕಡಾ 20ಕ್ಕೂ ಮಿಕ್ಕಿದ ಅಂತರದಿಂದ ಗೆಲ್ಲಿಸಿದ್ದು ಇದೊಂದೇ. ಮಗಳ ಮನೆಯಿಂದ 63ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಒಂದು ಗಂಟೆಯ ಚಿಲ್ಲರೆ ದಾರಿ. ಆ ಕೌಂಟಿಯ ಮತದ ಇತಿಹಾಸವನ್ನು ಒಂದು ನೋಟುಪುಸ್ತಕದಲ್ಲಿ ತಖ್ತೆ ಹಾಕಿ ಓದುವುದನ್ನು ನಾನು ಹೇಗೆ ಕಲಿತೆ, ಎಲ್ಲೆಲ್ಲಿ ಮುಗ್ಗರಿಸಿದೆ ಎಂಬುದನ್ನು ಇಲ್ಲಿ ಹೇಳುತ್ತೇನೆ. ಮಕ್ಕಳ ಮನೆಗೆ ಆರು ತಿಂಗಳು ಹೋಗಿ ಕೂರುವ ನಮ್ಮಂಥವರಿಗೆ ಟಿವಿಗಿಂತ ಇದು ವಾಸಿ.

ಮೊದಲು ಕೌಂಟಿ ಎಂದರೆ ಏನೆಂದು ಮನಸ್ಸಿನಲ್ಲಿ ಅಳತೆ ಹಾಕಿಕೊಳ್ಳಿ. ಹೋವರ್ಡಿನ ವಿಸ್ತೀರ್ಣ ಸುಮಾರು 470 ಚದರ ಮೈಲಿ, ಅಂದರೆ ನಮ್ಮ ಒಂದು ದೊಡ್ಡ ತಾಲೂಕಿನಷ್ಟು. ಆದರೆ 2020ರ ಜನಗಣತಿಯಲ್ಲಿ ಅಲ್ಲಿದ್ದವರು 9,469 ಮಂದಿ. ನನ್ನ ತಾಲೂಕಿನ ಜನಸಂಖ್ಯೆ ಮೂರು ಲಕ್ಷ ದಾಟಿ ಎಷ್ಟೋ ವರ್ಷವಾಯಿತು. ಆದ್ದರಿಂದ ವಿಸ್ತಾರದಲ್ಲಿ ತಾಲೂಕು, ಜನದಲ್ಲಿ ಒಂದು ದೊಡ್ಡ ಗ್ರಾಮ ಪಂಚಾಯಿತಿ ಎಂದು ತಿಳಿಯಿರಿ. ಟಿವಿಯಲ್ಲಿ ತೋರಿಸುವ ಬಣ್ಣದ ನಕ್ಷೆ ಮೋಸ ಮಾಡುವುದು ಇಲ್ಲಿಯೇ. ಅದು ಎಕರೆಗಳಿಗೆ ಬಣ್ಣ ಬಳಿಯುತ್ತದೆ, ಮತ ಹಾಕುವುದು ಎಕರೆಗಳಲ್ಲ. ಬಣ್ಣದ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಅಲ್ಲಿ ಕೆಂಪು ಎಂದರೆ ರಿಪಬ್ಲಿಕನ್, ನೀಲಿ ಎಂದರೆ ಡೆಮಾಕ್ರಟಿಕ್. ನಮ್ಮ ಕಣ್ಣಿಗೆ ಕೆಂಪು ಬಾವುಟ ಬೇರೆಯೇ ಪಕ್ಷವನ್ನು ನೆನಪಿಸುತ್ತದೆ. ಈ ಬಣ್ಣಗಳು ಅಲ್ಲಿಯೂ ಗಟ್ಟಿಯಾಗಿ ನಿಂತದ್ದು 2000ದ ಚುನಾವಣೆಯಿಂದ ಈಚೆಗೆ. ಹಳೆಯ ನಕ್ಷೆ ಕೈಗೆ ಸಿಕ್ಕರೆ ಬಣ್ಣ ನಂಬಬೇಡಿ, ಮೂಲೆಯಲ್ಲಿರುವ ಸೂಚಿ ಓದಿ.

ಎರಡನೆಯದು, ಸರಿಯಾದ ಕೌಂಟಿಯನ್ನು ಹಿಡಿಯುವುದು. ನಗಬೇಡಿ, ನಾನು ಎಡವಿದ್ದೇ ಇಲ್ಲಿ. ಮಗಳ ಲ್ಯಾಪ್‌ಟಾಪಿನಲ್ಲಿ ಅಂಕಿಗಳನ್ನು ನೋಡಿ ಎರಡು ದಿನ ಬರೆದುಕೊಂಡೆ. ಮೂರನೆಯ ದಿನ ನೋಡಿದರೆ 2012ರಲ್ಲಿ ಒಬಾಮ ಸೋತಿದ್ದಾರೆ! ನಾನು ನೆಬ್ರಾಸ್ಕದ ಹೋವರ್ಡ್ ಕೌಂಟಿಯನ್ನು ಇಳಿಸಿಕೊಂಡಿದ್ದೆ. ಆ ದೇಶದಲ್ಲಿ ಹೋವರ್ಡ್ ಎಂಬ ಕೌಂಟಿಗಳು ಏಳು ಇವೆ: ಅರ್ಕನ್ಸಾಸ್, ಇಂಡಿಯಾನ, ಅಯೋವ, ಮೇರಿಲ್ಯಾಂಡ್, ಮಿಸೌರಿ, ನೆಬ್ರಾಸ್ಕ, ಟೆಕ್ಸಾಸ್. ಹೊಸಹಳ್ಳಿ, ಹೊಸೂರುಗಳನ್ನು ಗ್ರಾಮದ ಕೋಡ್ ಸಂಖ್ಯೆಯಿಂದಲೇ ಗುರುತಿಸಬೇಕೆಂದು ಕಿರಿಯರಿಗೆ ಪಾಠ ಹೇಳಿದ್ದವನು ನಾನೇ. ಅಲ್ಲಿಯೂ ಅಂಥ ಸಂಖ್ಯೆ ಇದೆ. ಮೊದಲ ಎರಡು ಅಂಕಿ ರಾಜ್ಯಕ್ಕೆ, ಉಳಿದ ಮೂರು ಕೌಂಟಿಗೆ. ನಮ್ಮ ಹೋವರ್ಡಿನದು 19089. ಪುಟದ ತಲೆಯ ಮೇಲೆ ಹೆಸರಿಗಿಂತ ಮೊದಲು ಇದನ್ನು ಬರೆದುಕೊಳ್ಳಿ.

ಅಂಕಿಗಳು ಸಿಗುವ ಜಾಗ ಕಷ್ಟದ್ದೇನಲ್ಲ. ಅಯೋವದಲ್ಲಿ ಚುನಾವಣೆ ನಡೆಸುವವರು ಆಯಾ ಕೌಂಟಿಯ ಆಡಿಟರ್. ಹೆಸರು ಲೆಕ್ಕಪರಿಶೋಧಕರದ್ದು, ಕೆಲಸ ನಮ್ಮ ತಹಶೀಲ್ದಾರರ ಚುನಾವಣಾ ಶಾಖೆಯದು. ರಾಜ್ಯದ ಒಟ್ಟು ಲೆಕ್ಕವನ್ನು ಅಲ್ಲಿಯ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಪ್ರಕಟಿಸುತ್ತದೆ. ಹಳೆಯ ವರ್ಷಗಳಿಗೆ ಆ ರಾಜ್ಯದ ಅಧಿಕೃತ ಗ್ರಂಥಗಳಿವೆ, ಗ್ರಂಥಾಲಯದವರು ‘ರೆಡ್ ಬುಕ್’ ಎಂದರೆ ತಕ್ಷಣ ತೆಗೆದುಕೊಡುತ್ತಾರೆ. ಮತಗಟ್ಟೆ ಮಟ್ಟದ ಅಂಕಿಯೂ ಸಿಗುತ್ತದೆ. ನಮ್ಮಲ್ಲಿ ನಮೂನೆ 20ರಲ್ಲಿ ಬೂತುವಾರು ಮತ ಇರುತ್ತದಲ್ಲ, ಹಾಗೆ. ಆದರೆ ಮೊದಲ ವಾರವೇ ಅದಕ್ಕೆ ಕೈ ಹಾಕಬೇಡಿ, ತಲೆ ಕೆಡುತ್ತದೆ.

ಈಗ ತಖ್ತೆ. ಅಡ್ಡ ಪುಟದಲ್ಲಿ ಗೆರೆ ಹಾಕಿ. ವರ್ಷ, ಚಲಾವಣೆಯಾದ ಒಟ್ಟು ಮತ, ಡೆಮಾಕ್ರಟಿಕ್, ರಿಪಬ್ಲಿಕನ್, ಇತರೆ, ಅಂತರ, ಅದೇ ವರ್ಷ ಇಡೀ ರಾಜ್ಯದ ಅಂತರ, ಎರಡರ ವ್ಯತ್ಯಾಸ, ಕೊನೆಗೆ ಷರಾ. ಷರಾ ಕಾಲಂ ಅಗಲವಾಗಿರಲಿ. ಕಚೇರಿಯಲ್ಲಿ ಎಲ್ಲರೂ ಅದನ್ನು ಬೆರಳಗಲ ಬಿಟ್ಟು ಗೆರೆ ಎಳೆಯುತ್ತಾರೆ, ಆಮೇಲೆ ಬರೆಯಬೇಕಾದ್ದೆಲ್ಲ ಅಂಚಿಗೆ ಹೋಗಿ ಸಣ್ಣಕ್ಷರವಾಗುತ್ತದೆ.

ಒಟ್ಟು ಮತದ ಕಾಲಂ ಯಾಕೆ ಬೇಕು ಎಂದು ನನ್ನ ಅಳಿಯ ಕೇಳಿದ. ಶೇಕಡಾ ಸಿಕ್ಕರೆ ಸಾಕಲ್ಲ, ಮಾವ? ಸಾಕಾಗುವುದಿಲ್ಲ. ಊಟದ ಮೇಜಿನ ಮೇಲೆ ಶೇಂಗಾ ಬೀಜ ಹರಡಿ ತೋರಿಸಬೇಕಾಯಿತು. ಒಂದು ಊರಿನಲ್ಲಿ ನೂರು ಮತ, ಅರವತ್ತು ಒಂದು ಕಡೆ, ನಲವತ್ತು ಇನ್ನೊಂದು ಕಡೆ. ಅಂತರ 20. ಮುಂದಿನ ಸಲ ನಲವತ್ತು–ಅರವತ್ತು ಆಯಿತು ಎನ್ನಿ. ಅಂತರ ಈಚೆಯಿಂದ ಆಚೆಗೆ 40 ಅಂಶ ತಿರುಗಿತು. ಪತ್ರಿಕೆಯವರು ‘ನಲವತ್ತು ಅಂಶ ಪಲ್ಟಿ’ ಎಂದು ಬರೆಯುತ್ತಾರೆ, ಓದುವವನು ನೂರರಲ್ಲಿ ನಲವತ್ತು ಮಂದಿ ಮನಸ್ಸು ಬದಲಿಸಿದರು ಎಂದುಕೊಳ್ಳುತ್ತಾನೆ. ಬದಲಿಸಿದವರು ಇಪ್ಪತ್ತು. ಒಬ್ಬ ಈ ಕಡೆಯಿಂದ ಎದ್ದು ಆ ಕಡೆ ಕುಳಿತರೆ ಇಲ್ಲಿ ಒಂದು ಕಡಿಮೆ, ಅಲ್ಲಿ ಒಂದು ಹೆಚ್ಚು, ಅಂತರದಲ್ಲಿ ಎರಡು.

ಆಮೇಲೆ ಅದೇ ಬೀಜಗಳಲ್ಲಿ ಇನ್ನೊಂದು ಆಟ ತೋರಿಸಿದೆ. ಅರವತ್ತರ ಗುಂಪಿನಲ್ಲಿ ಮೂವತ್ತು ಮಂದಿ ಮನೆಯಿಂದ ಹೊರಡಲೇ ಇಲ್ಲ. ನಲವತ್ತರ ಗುಂಪಿಗೆ ಐದು ಹೊಸಬರು ಸೇರಿದರು. ಈಗ ಮೂವತ್ತು ಮತ್ತು ನಲವತ್ತೈದು, ಒಟ್ಟು ಎಪ್ಪತ್ತೈದು. ಶೇಕಡಾ ತೆಗೆಯಿರಿ: 40 ಮತ್ತು 60. ತಖ್ತೆಯಲ್ಲಿ ಎರಡೂ ಊರುಗಳ ಶೇಕಡಾ ಒಂದೇ. ಈ ಊರಿನಲ್ಲಿ ಮಾತ್ರ ಒಬ್ಬನೇ ಒಬ್ಬ ಮನಸ್ಸು ಬದಲಿಸಿಲ್ಲ. ವ್ಯತ್ಯಾಸ ಗೊತ್ತಾಗುವುದು ಒಟ್ಟು ಮತದ ಕಾಲಂನಿಂದ ಮಾತ್ರ. ಅಳಿಯ ಬೀಜಗಳನ್ನು ಬಾಯಿಗೆ ಹಾಕಿಕೊಂಡು, ಸರಿ ಮಾವ, ಎಂದ.

ಹೋವರ್ಡಿನಲ್ಲಿ 2012ರಿಂದ 2016ಕ್ಕೆ ಅಂತರ ತಿರುಗಿದ್ದು ಸುಮಾರು 41 ಅಂಶ. ಒಟ್ಟು ಮತ ಹಾಗೆ ಕಾಲು ಭಾಗ ಕುಸಿದಿರಲಿಲ್ಲ. ಆದ್ದರಿಂದ ನಿಜವಾಗಿ ಪಕ್ಕ ಬದಲಿಸಿದವರು ಅಲ್ಲಿ ಕೆಲವರಾದರೂ ಇದ್ದಾರೆ, ನೂರರಲ್ಲಿ ಇಪ್ಪತ್ತರ ಒಳಗೆ. ಅದಕ್ಕಿಂತ ಬಿಗಿಯಾಗಿ ಹೇಳಲು ಈ ತಖ್ತೆಗೆ ಬಲವಿಲ್ಲ. ‘ಇತರೆ’ ಕಾಲಂ ಕೂಡ 2016ರಲ್ಲಿ ಉಬ್ಬಿದೆ, ಅದನ್ನೂ ಮರೆಯಬೇಡಿ.

ಮುಂದಿನ ಕೆಲಸ ಕಳೆಯುವ ಲೆಕ್ಕ. ಇಳುವರಿ ಅಂದಾಜು ಮಾಡುವಾಗ ನಾವು ಒಂದು ಹೊಲ ಸೊರಗಿದ್ದನ್ನು ಕಂಡ ಕೂಡಲೇ ಆ ರೈತನ ಬೇಸಾಯ ಕೆಟ್ಟದ್ದು ಎನ್ನುವುದಿಲ್ಲ, ಹೋಬಳಿಗೇ ಮಳೆ ಕೈಕೊಟ್ಟಿದೆಯೇ ಎಂದು ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಇಡೀ ಅಯೋವ ರಾಜ್ಯ 2012ರಲ್ಲಿ ಒಬಾಮರಿಗೆ 5.8 ಅಂಶದ ಮುನ್ನಡೆ ಕೊಟ್ಟಿತ್ತು, 2016ರಲ್ಲಿ ಟ್ರಂಪ್‌ಗೆ 9.4. ಎರಡೂ ಕೂಡಿದರೆ ರಾಜ್ಯದ ತಿರುವೇ 15 ಅಂಶ ದಾಟುತ್ತದೆ. ಹೋವರ್ಡಿನ 41ರಲ್ಲಿ ಅದನ್ನು ಕಳೆಯಿರಿ, 26 ಉಳಿಯುತ್ತದೆ. ಆ 26 ಹೋವರ್ಡಿನ ಸ್ವಂತದ್ದು, ಉಳಿದದ್ದು ರಾಜ್ಯದ ಮೇಲೆಲ್ಲ ಸುರಿದ ಮಳೆ. ದೇಶದ ಒಟ್ಟು ಮತವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. 2012ರಲ್ಲಿ ಡೆಮಾಕ್ರಟಿಕ್ ಮುನ್ನಡೆ 3.9, 2016ರಲ್ಲೂ ಅದೇ ಪಕ್ಷಕ್ಕೆ 2.1. ದೇಶ ಎರಡು ಅಂಶದಷ್ಟೂ ಕದಲಲಿಲ್ಲ, ಅಯೋವ ಹದಿನೈದು ಅಂಶ ಕದಲಿತು, ಹೋವರ್ಡ್ ನಲವತ್ತೊಂದು. ಹಾಗಾಗಿ ಹೋವರ್ಡ್ ಒಂಟಿ ಹುಚ್ಚನೇನಲ್ಲ. ಒಬಾಮರಿಗೆ ಎರಡು ಸಲ ಮತ ಕೊಟ್ಟು ಟ್ರಂಪ್ ಕಡೆಗೆ ಹೋದ ಕೌಂಟಿಗಳು ದೇಶದಲ್ಲಿ 206. ಅವುಗಳಲ್ಲಿ 31 ಅಯೋವದವೇ, ಬೇರೆ ಯಾವ ರಾಜ್ಯದಲ್ಲೂ ಅಷ್ಟಿಲ್ಲ.

ಹೊಸಬರಿಗೆ ಇನ್ನೊಂದು ತಿಳಿವಳಿಕೆ. ಅಧ್ಯಕ್ಷರ ಚುನಾವಣೆಯಲ್ಲಿ ಕೌಂಟಿ ಯಾರನ್ನೂ ಗೆಲ್ಲಿಸುವುದಿಲ್ಲ, ಸೋಲಿಸುವುದಿಲ್ಲ. ಅಯೋವದ 99 ಕೌಂಟಿಗಳ ಮತವನ್ನು ಕೂಡಿಸಿ, ಹೆಚ್ಚು ಬಂದವರಿಗೆ, ಅಧ್ಯಕ್ಷರನ್ನು ಕೊನೆಗೆ ಆರಿಸುವ ಎಲೆಕ್ಟರ್ ಮತಗಳಲ್ಲಿ ರಾಜ್ಯದ ಪಾಲಿನ ಆರೂ ಹೋಗುತ್ತವೆ. ‘ಹೋವರ್ಡ್ ಟ್ರಂಪ್ ಅವರನ್ನು ಗೆಲ್ಲಿಸಿತು’ ಎಂಬುದು ಮಾತಿನ ಅನುಕೂಲ ಅಷ್ಟೇ.

ಹಳೆಯ ಸಾಲುಗಳಿಗೆ ಇಳಿದಾಗ ಕೆಲವು ಗುಂಡಿಗಳಿವೆ. 1920ರಲ್ಲಿ ಒಟ್ಟು ಮತ ಇದ್ದಕ್ಕಿದ್ದಂತೆ ಏರಿದ್ದು ಕಂಡರೆ ಊರು ಬೆಳೆಯಿತು ಎಂದುಕೊಳ್ಳಬೇಡಿ, ದೇಶದಾದ್ಯಂತ ಹೆಂಗಸರಿಗೆ ಮತದ ಹಕ್ಕು ಬಂದ ವರ್ಷ ಅದು. 1912ರಲ್ಲಿ ರಿಪಬ್ಲಿಕನ್ ಮನೆ ಇಬ್ಭಾಗವಾಗಿ ಟಾಫ್ಟ್, ಥಿಯೊಡೋರ್ ರೂಸ್‌ವೆಲ್ಟ್ ಇಬ್ಬರೂ ನಿಂತರು, ನಡುವೆ ವಿಲ್ಸನ್ ಗೆದ್ದರು. ಆ ಸಾಲಿನಲ್ಲಿ ಡೆಮಾಕ್ರಟಿಕ್ ಗೆಲುವು ಕಂಡರೆ ಜನ ಡೆಮಾಕ್ರಟಿಕ್ ಆದರು ಎಂದು ಷರಾ ಬರೆಯಬಾರದು. 1924ರಲ್ಲಿ ಅಯೋವದಲ್ಲಿ ಎರಡನೆಯ ಸ್ಥಾನಕ್ಕೆ ಬಂದವರು ಡೆಮಾಕ್ರಟಿಕ್ ಅಭ್ಯರ್ಥಿ ಡೇವಿಸ್ ಅಲ್ಲ, ಪ್ರೊಗ್ರೆಸಿವ್ ಪಕ್ಷದ ಲಾಫೊಲೆಟ್. 1992ರಲ್ಲಿ ಪಕ್ಷೇತರ ಪೆರೊ ಸುಮಾರು ಐದರಲ್ಲೊಂದು ಮತ ತೆಗೆದುಕೊಂಡು ಹೋದರು. ಇಂಥ ವರ್ಷಗಳಿಗೆ ನಾನು ಪಕ್ಕದಲ್ಲಿ ಒಂದು ಚುಕ್ಕೆ ಇಡುತ್ತೇನೆ. ಚುಕ್ಕೆ ಇರುವ ಸಾಲಿನ ಅಂತರವನ್ನು ಹಿಂದಿನ ಸಾಲಿನ ಜೊತೆ ಹೋಲಿಸಬಾರದು ಎಂಬುದು ನನಗೆ ನಾನೇ ಹಾಕಿಕೊಂಡ ಕಟ್ಟುಪಾಡು.

ಷರಾ ಕಾಲಂನಲ್ಲಿ ಪಕ್ಷದ ಸುದ್ದಿಯನ್ನೇ ತುಂಬಬೇಡಿ. 1918ರ ಮೇ ತಿಂಗಳಲ್ಲಿ ಅಯೋವದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಫರ್ಮಾನು ಹೊರಡಿಸಿದರು. ಶಾಲೆ, ಸಭೆ, ಚರ್ಚು, ರೈಲು, ದೂರವಾಣಿ, ಎಲ್ಲಿಯೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದು! ಮಹಾಯುದ್ಧದ ಕಾಲ, ಗುರಿ ಜರ್ಮನ್ ಭಾಷೆ. ಆದರೆ ಪೆಟ್ಟು ಎಲ್ಲರಿಗೂ ಬಿತ್ತು. ಹೋವರ್ಡ್ ಮತ್ತು ಅದರ ನೆರೆಯ ಹಳ್ಳಿಗಳಲ್ಲಿ ನೆಲೆಸಿದ್ದವರು ನಾರ್ವೆಯವರು, ಚೆಕ್ ಜನ, ಜರ್ಮನರು, ಐರಿಷರು. ಪ್ರೊಟಿವಿನ್ ಎಂಬ ಊರಿನ ಹೆಸರೇ ಚೆಕ್ ಜನರ ನಾಡಾದ ಬೊಹೀಮಿಯಾದಿಂದ ಬಂದದ್ದು. ಫೋನಿನಲ್ಲಿ ಅಕ್ಕನೊಡನೆ ತಾಯ್ನುಡಿಯಲ್ಲಿ ಮಾತಾಡಿದರೆ ಅಪರಾಧ ಎಂದ ಸರಕಾರವನ್ನು ಒಂದು ಮನೆತನ ಎಷ್ಟು ಚುನಾವಣೆಗಳವರೆಗೆ ನೆನಪಿಟ್ಟುಕೊಂಡೀತು? ಅದನ್ನು ಅಳೆಯುವ ಕಾಲಂ ನನ್ನ ಬಳಿ ಇಲ್ಲ. ಆದರೂ ವರ್ಷ ಬರೆದಿಟ್ಟಿದ್ದೇನೆ. ಕ್ಯಾಥೊಲಿಕ್ ಚರ್ಚು, ಲೂಥರನ್ ಚರ್ಚು ಯಾವ ಊರಿನಲ್ಲಿ ಯಾವುದು ಎಂದೂ ಗುರುತು ಹಾಕಿಕೊಳ್ಳಿ, ಮತಗಟ್ಟೆವಾರು ಅಂಕಿಗೆ ಇಳಿದಾಗ ಅದು ಬೇಕಾಗುತ್ತದೆ.

ಈಗ ನನಗೆ ಪ್ರೀತಿಯ ಕಾಲಂಗೆ ಬರುತ್ತೇನೆ. ಪೇಟೆ ಧಾರಣೆ.

ರೈತರ ಕೌಂಟಿ ಎಂದ ಮೇಲೆ ಗೋವಿನಜೋಳದ ದರವೇ ಮತದ ಬೀಗದ ಕೈ ಎಂದು ನಾನು ಖಡಾಖಂಡಿತವಾಗಿ ನಂಬಿದ್ದೆ. ಅಲ್ಲಿಯ ದರ ಬುಶೆಲ್ ಲೆಕ್ಕದಲ್ಲಿ ಇರುತ್ತದೆ. ಗೋವಿನಜೋಳದ ಒಂದು ಬುಶೆಲ್ ಎಂದರೆ 56 ಪೌಂಡ್, ನಮ್ಮ 25.4 ಕಿಲೋ. ಸೋಯಾಬೀನಿಗೆ ಬುಶೆಲ್ 60 ಪೌಂಡ್, ಅದು ಬೇರೆ. ಕ್ವಿಂಟಲ್‌ಗೆ ತರಬೇಕಾದರೆ ಗೋವಿನಜೋಳದ ಬುಶೆಲ್ ದರವನ್ನು 3.94ರಿಂದ ಗುಣಿಸಿ. 2012ರ ಬೇಸಗೆಯಲ್ಲಿ ಅಲ್ಲಿ ಭಾರೀ ಬರ ಬಿತ್ತು, ಆ ವರ್ಷದ ಬೆಳೆಗೆ ದೇಶದ ರೈತರಿಗೆ ಸಿಕ್ಕ ಸರಾಸರಿ ದರ ಬುಶೆಲ್‌ಗೆ 6.89 ಡಾಲರ್, ಅಂದರೆ ಕ್ವಿಂಟಲ್‌ಗೆ ಸುಮಾರು 27 ಡಾಲರ್. 2016ರ ಬೆಳೆಗೆ 3.36, ಕ್ವಿಂಟಲ್‌ಗೆ 13 ಡಾಲರ್ ಚಿಲ್ಲರೆ. ಅರ್ಧಕ್ಕೂ ಕಡಿಮೆ. ದರ ಇದ್ದಾಗ ಅಧಿಕಾರದಲ್ಲಿದ್ದ ಪಕ್ಷ ಉಳಿಯಿತು, ದರ ಬಿದ್ದಾಗ ಹೋಯಿತು. ರಾಣೆಬೆನ್ನೂರಿನ ಮಾರುಕಟ್ಟೆ ಅಂಗಳದಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಆ ರಾತ್ರಿ ಮಗಳನ್ನು ಎಬ್ಬಿಸಿ ಹೇಳಿದೆ. ಅವಳು ಮಗ್ಗುಲು ಬದಲಿಸಿದಳು.

ಸೂತ್ರ ಸಿಕ್ಕಿತು ಎನ್ನಿಸಿದ ದಿನವೇ ಅದನ್ನು ಹಿಂದಿನ ಸಾಲುಗಳಿಗೆ ಹಚ್ಚಿ ನೋಡಬೇಕು. ಈ ಕೈಪಿಡಿಯಲ್ಲಿ ನೀವು ಒಂದೇ ಒಂದು ಹೆಜ್ಜೆಯನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ನಾನು ಹಚ್ಚಿದೆ. 1932 ಸರಿ ಬಂತು. ಅಯೋವದ ವೆಸ್ಟ್ ಬ್ರಾಂಚಿನಲ್ಲಿ ಹುಟ್ಟಿದ ರಿಪಬ್ಲಿಕನ್ ಅಧ್ಯಕ್ಷ ಹೂವರ್, ದರ ಕುಸಿದು ಹೊಲಗಳು ಹರಾಜಾಗುತ್ತಿದ್ದ ಆ ವರ್ಷ ತಾವು ಹುಟ್ಟಿದ ರಾಜ್ಯದಲ್ಲೇ ಫ್ರಾಂಕ್ಲಿನ್ ರೂಸ್‌ವೆಲ್ಟ್ ಎದುರು ಸೋತರು. 1980 ಕೂಡ ಸರಿ. ಆ ಜನವರಿಯಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ಕಾರ್ಟರ್ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ಮಾರುವುದನ್ನು ನಿರ್ಬಂಧಿಸಿದ್ದರು, ನವೆಂಬರಿನಲ್ಲಿ ಅಯೋವದಲ್ಲಿ ಸೋತರು.

1948ಕ್ಕೆ ಬಂದಾಗ ಸೂತ್ರ ಕುಂಟಿತು. ಆ ಶರತ್ಕಾಲದಲ್ಲಿ ಭರ್ಜರಿ ಬೆಳೆ, ಗೋವಿನಜೋಳದ ದರ ಇಳಿಯುತ್ತಿತ್ತು, ಅಧಿಕಾರದಲ್ಲಿದ್ದವರು ಡೆಮಾಕ್ರಟಿಕ್ ಪಕ್ಷದ ಟ್ರೂಮನ್. ಸೋಲಬೇಕಿತ್ತಲ್ಲ? 1940, 1944ರಲ್ಲಿ ಎದುರು ಪಕ್ಷಕ್ಕೆ ಹೋಗಿದ್ದ ಅಯೋವವನ್ನೇ ಅವರು ಗೆದ್ದರು. ಕಾರಣ ಕಣಜ. ಬೆಂಬಲ ಬೆಲೆಗೆ ಸರಕಾರಕ್ಕೆ ಧಾನ್ಯ ಒಪ್ಪಿಸಬೇಕೆಂದರೆ ಅದನ್ನು ದಾಸ್ತಾನು ಮಾಡಲು ಸರಕಾರಿ ಕಣಜ ಬೇಕು. ಹೊಸ ಕಣಜ ಪಡೆಯುವ ಅಧಿಕಾರವನ್ನು ರಿಪಬ್ಲಿಕನ್ ಬಹುಮತದ ಕಾಂಗ್ರೆಸ್ ಕಿತ್ತುಕೊಂಡಿತ್ತು. (ಕಾಂಗ್ರೆಸ್ ಎಂದರೆ ನಮ್ಮ ಪಕ್ಷವಲ್ಲ, ಅವರ ಸಂಸತ್ತು. ನನ್ನ ತಮ್ಮನಿಗೆ ಇದನ್ನು ಮೂರು ಸಲ ಹೇಳಿದ್ದೇನೆ.) ಸೆಪ್ಟೆಂಬರ್ 18ರಂದು ಅಯೋವದ ಡೆಕ್ಸ್ಟರ್ ಎಂಬಲ್ಲಿ ನೇಗಿಲು ಹೂಡುವ ಸ್ಪರ್ಧೆಗೆ ಸೇರಿದ್ದ ಜನಸಾಗರದ ಮುಂದೆ ನಿಂತು, ಈ ಕಾಂಗ್ರೆಸ್ ರೈತನ ಬೆನ್ನಿಗೆ ಹುಲ್ಲೆತ್ತುವ ಕವಲುಗೋಲು ಚುಚ್ಚಿದೆ ಎಂದು ಟ್ರೂಮನ್ ಗುಡುಗಿದರು. ದರ ಬಿದ್ದದ್ದು ನಿಜ, ಆದರೆ ಯಾರಿಂದ ಬಿತ್ತು ಎಂಬುದನ್ನು ಅವರು ರೈತರಿಗೆ ನಂಬಿಸಿದರು. ಧಾರಣೆ ಕಾಲಂ ಪಕ್ಕದಲ್ಲಿ ‘ದೂರು ಯಾರ ಮೇಲೆ’ ಎಂಬ ಇನ್ನೊಂದು ಕಾಲಂ ಗೆರೆ ಹಾಕಿದ್ದು ಆಗಲೇ.

1984ರಲ್ಲಿ ಸೂತ್ರದ ಇನ್ನೊಂದು ಕಾಲೂ ಹೋಯಿತು. ಎಂಬತ್ತರ ದಶಕ ಅಯೋವಕ್ಕೆ ಕೇಡುಗಾಲ. 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದ ಭೂಮಿಯ ಬೆಲೆ 1986ಕ್ಕೆ 787ಕ್ಕೆ ಬಿತ್ತು. ಭೂಮಿ ಅಡವಿಟ್ಟು ಸಾಲ ತಂದು ಇನ್ನಷ್ಟು ಭೂಮಿ ಕೊಂಡವರು ಬಡ್ಡಿಯ ಹೊಡೆತಕ್ಕೆ ಮನೆ ಮಠ ಕಳೆದುಕೊಂಡರು. ಅದರ ನಟ್ಟನಡುವೆ, 1984ರಲ್ಲಿ, ರಾಜ್ಯ ಅಧಿಕಾರದಲ್ಲಿದ್ದ ರಿಪಬ್ಲಿಕನ್ ರೇಗನ್ ಅವರನ್ನೇ ಮತ್ತೆ ಆರಿಸಿತು. ಸಿಟ್ಟು ಹೊರಬಂದದ್ದು 1988ರಲ್ಲಿ. ದೇಶದಲ್ಲಿ ಸೋತ ಡೆಮಾಕ್ರಟಿಕ್ ಅಭ್ಯರ್ಥಿ ಡುಕಾಕಿಸ್ ಅಯೋವದಲ್ಲಿ ಹತ್ತು ಅಂಶದ ಅಂತರದಿಂದ ಗೆದ್ದರು. ನಮ್ಮ ಹೊಲಗಳಲ್ಲಿ ಸತುವಿನ ಕೊರತೆ ಇದ್ದರೆ ಎಲೆಯಲ್ಲಿ ಕಾಣುವುದು ಕೆಲವು ವಾರಗಳ ಮೇಲೆ. ಇಲ್ಲಿ ನಾಲ್ಕು ವರ್ಷದ ಮೇಲೆ. ಆದ್ದರಿಂದ ಧಾರಣೆಯನ್ನು ಅದೇ ವರ್ಷದ ಮತದ ಎದುರಿಗೆ ಮಾತ್ರ ಇಡಬೇಡಿ, ಒಂದು ಸಾಲು ಕೆಳಗೆ ಇಳಿಸಿಯೂ ನೋಡಿ.

ಕೊನೆಗೆ 2020. ಎರಡು ವರ್ಷ ಹಿಂದೆ, 2018ರ ಜುಲೈನಲ್ಲಿ, ಚೀನಾ ಅಮೆರಿಕದ ಸೋಯಾಬೀನಿನ ಮೇಲೆ ಶೇಕಡಾ 25 ಸುಂಕ ಹೇರಿತ್ತು. ಅದು ಟ್ರಂಪ್ ಹೂಡಿದ ಸುಂಕ ಸಮರಕ್ಕೆ ಬಂದ ಉತ್ತರ. ಗೋವಿನಜೋಳದ ದರವೂ ಎದ್ದಿರಲಿಲ್ಲ. ನನ್ನ ಸೂತ್ರದ ಪ್ರಕಾರ ಹೋವರ್ಡ್ ಮತ್ತೆ ತಿರುಗಬೇಕಿತ್ತು. ಆಗ ನಾನು ರಾಣೆಬೆನ್ನೂರಿನಲ್ಲೇ ಇದ್ದೆ, ಬೆಳಗಿನ ಚಹಾ ಬಿಟ್ಟು ಫೋನು ಹಿಡಿದು ಕೂತಿದ್ದೆ. ಟ್ರಂಪ್ ಅವರ ಪಾಲು ಶೇಕಡಾ 60 ದಾಟಿತು, ಮೊದಲಿಗಿಂತ ಹೆಚ್ಚು. 2024ರಲ್ಲೂ ಅರವತ್ತರ ಮೇಲೆಯೇ ನಿಂತಿತು.

ಎಲ್ಲಿ ತಪ್ಪಿದೆ ಎಂದು ಹುಡುಕಿದಾಗ ಎರಡು ವಿಷಯ ಸಿಕ್ಕವು. ಒಂದು, ಪೇಟೆ ದರ ರೈತನ ವರಮಾನವಲ್ಲ. ಸುಂಕದ ನಷ್ಟಕ್ಕೆ, ಆಮೇಲೆ ಕೋವಿಡ್‌ಗೆ ಎಂದು ಸರಕಾರ ರೈತರಿಗೆ ನೇರವಾಗಿ ಹಣ ಹಾಕಿತ್ತು. 2020ರಲ್ಲಿ ಇಂಥ ಪಾವತಿಗಳ ಮೊತ್ತ ದೇಶದಲ್ಲಿ ಸುಮಾರು 46 ಶತಕೋಟಿ ಡಾಲರ್, ಆವರೆಗೆ ಎಂದೂ ಅಷ್ಟಿರಲಿಲ್ಲ. ಬೆಳೆ ಪರಿಹಾರದ ಪಟ್ಟಿಗಳನ್ನು ಕೈಯಾರೆ ಬರೆದ ನಾನು ಈ ಕಾಲಂ ಬಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು.

ಎರಡನೆಯದು ಇನ್ನೂ ದೊಡ್ಡ ತಪ್ಪು. ರೈತರ ಕೌಂಟಿಯ ಮತ ರೈತರ ಮತವಲ್ಲ. ಹೊಲಗಳ ನಡುವೆ ಕಾರಿನಲ್ಲಿ ಹೋಗುವಾಗ ಎಲ್ಲರೂ ಒಕ್ಕಲಿಗರೇ ಎನ್ನಿಸುತ್ತದೆ. ಆದರೆ ಅಲ್ಲಿ ಒಂದು ಕುಟುಂಬ ಸಾವಿರ ಎಕರೆ ಮಾಡುವುದು ಹೊಸತಲ್ಲ, ಬಿತ್ತುವುದರಿಂದ ರಾಶಿಯವರೆಗೆ ಇಬ್ಬರು ಮೂವರು ಸಾಕು. ಉಳಿದವರು? ಕೌಂಟಿಯ ಮುಖ್ಯ ಪಟ್ಟಣ ಕ್ರೆಸ್ಕೋದಲ್ಲಿ ಯಂತ್ರಗಳಿಗೆ ಶೋಧಕ ತಯಾರಿಸುವ ಕಾರ್ಖಾನೆ ಇದೆ, ಅಲ್ಯುಮಿನಿಯಂ ಟ್ರೇಲರ್ ಕಟ್ಟುವ ಕಾರ್ಖಾನೆ ಇದೆ. ಆಸ್ಪತ್ರೆ, ಶಾಲೆ, ವೃದ್ಧರ ಆರೈಕೆ ಮನೆ. 1900ರ ಸುಮಾರಿಗೆ ಹದಿನಾಲ್ಕು ಸಾವಿರ ದಾಟಿದ್ದ ಜನಸಂಖ್ಯೆ ಒಂಬತ್ತು ಸಾವಿರದ ಆಸುಪಾಸಿಗೆ ಇಳಿದಿದೆ. ಓದಿದ ಮಕ್ಕಳು ಹೊರಟರೆ ಬರುವುದು ಹಬ್ಬಕ್ಕೆ. ಹೋದವರ ಮತ ಇನ್ನೊಂದು ಕೌಂಟಿಯ ತಖ್ತೆಯಲ್ಲಿ ಕೂತಿದೆ. ಕೃಷಿ ಗಣತಿ ಐದು ವರ್ಷಕ್ಕೊಮ್ಮೆ, ಜನಗಣತಿ ಹತ್ತು ವರ್ಷಕ್ಕೊಮ್ಮೆ ಬರುತ್ತದೆ. ಹಿಡುವಳಿ ಎಷ್ಟು, ವಯಸ್ಸು ಎಷ್ಟು, ಕೆಲಸ ಎಲ್ಲಿ ಎಂಬುದನ್ನು ಅವುಗಳಿಂದ ಎತ್ತಿ ತಖ್ತೆಯ ಹಿಂಬದಿಯ ಪುಟದಲ್ಲಿ ಬರೆದುಕೊಳ್ಳಿ. ನಾನು ಇದನ್ನು ಮೊದಲೇ ಮಾಡಿದ್ದರೆ ಮಗಳ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಹೀಗೆ ಬಿಟ್ಟುಹೋದವರಲ್ಲಿ ಒಬ್ಬರು ನಮಗೂ ಬೇಕಾದವರು. ನಾರ್ವೆ ಮೂಲದ ಒಕ್ಕಲು ಮನೆಯ ಹುಡುಗ, ಕ್ರೆಸ್ಕೋದ ಶಾಲೆಯಲ್ಲಿ ಕುಸ್ತಿ ಆಡಿದವನು, 1933ರಲ್ಲಿ ಮಹಾ ಆರ್ಥಿಕ ಕುಸಿತದ ನಡುವೆ ಮಿನ್ನೆಸೋಟದ ವಿಶ್ವವಿದ್ಯಾಲಯಕ್ಕೆ ಹೊರಟವನು, ನಾರ್ಮನ್ ಬೊರ್ಲಾಗ್. ಮೆಕ್ಸಿಕೊದಲ್ಲಿ ಅವರು ತಳಿಯೆಬ್ಬಿಸಿದ ಗಿಡ್ಡ ಗೋಧಿಯ ಬೀಜವನ್ನು 1966ರಲ್ಲಿ ಭಾರತ 18 ಸಾವಿರ ಟನ್ ತರಿಸಿಕೊಂಡಿತು. ಸೇವೆಗೆ ಸೇರಿದ ಹೊಸದರಲ್ಲಿ ತರಬೇತಿಯಲ್ಲಿ ಅವರ ಹೆಸರು ಕೇಳಿದ್ದೆ. ಅವರ ಬಾಲ್ಯದ ಹೊಲ ಇದೇ ಕೌಂಟಿಯಲ್ಲಿದೆ ಎಂದು ತಿಳಿದದ್ದು ಮತ ಎಣಿಸಲು ಹೊರಟಾಗ.

ಒಂದೇ ಕೌಂಟಿ ಓದಿ ಎದ್ದರೆ ಎಲ್ಲ ಕೌಂಟಿಗಳೂ ಹೀಗೆಯೇ ಎನ್ನಿಸುತ್ತದೆ, ಆದ್ದರಿಂದ ಪಕ್ಕದಲ್ಲಿ ಇನ್ನೊಂದನ್ನು ಇಟ್ಟುಕೊಳ್ಳಿ. ನಾನು ಇಟ್ಟುಕೊಂಡದ್ದು ಕೆಂಟಕಿ ರಾಜ್ಯದ ಎಲಿಯಟ್ ಕೌಂಟಿ, ತಂಬಾಕು ಬೆಳೆಯುತ್ತಿದ್ದ ಗುಡ್ಡಗಾಡು. 1869ರಲ್ಲಿ ಕೌಂಟಿಯಾದ ಮೇಲೆ 1872ರಿಂದ 2012ರವರೆಗೆ ಒಂದು ಸಲವೂ ತಪ್ಪದೆ ಡೆಮಾಕ್ರಟಿಕ್. 2016ರಲ್ಲಿ ಮೊದಲ ಬಾರಿಗೆ ರಿಪಬ್ಲಿಕನ್, ಅದೂ ಸುಮಾರು ಶೇಕಡಾ 70. ಹೋವರ್ಡಿನ ಹಾಗೆ ಇದೂ ಅದೇ ವರ್ಷ ತಿರುಗಿತು. ಆದರೆ ಗೆದ್ದವರ ಹೆಸರು ಬಿಟ್ಟು ಅಂತರದ ಕಾಲಂ ಓದಿದರೆ ಕತೆ ಬೇರೆ. 2008ರಲ್ಲಿ ಶೇಕಡಾ 60ರ ಮೇಲಿದ್ದ ಒಬಾಮರ ಪಾಲು 2012ರಲ್ಲಿ ಅರ್ಧಕ್ಕೂ ಕೆಳಗಿಳಿದು, ಕೂದಲೆಳೆಯಲ್ಲಿ ಪಾರಾಗಿತ್ತು. ಗೋಡೆ ಮೊದಲೇ ಸೀಳಿತ್ತು, ಬಿದ್ದ ಸದ್ದು ಕೇಳಿದ್ದು 2016ರಲ್ಲಿ. ಹೋವರ್ಡಿನಲ್ಲಿ ಅಂಥ ಸೀಳು 2012ರಲ್ಲಿ ಕಾಣುವುದಿಲ್ಲ.

ಸಾಧ್ಯವಾದರೆ ಒಮ್ಮೆ ಅಲ್ಲಿಗೆ ಹೋಗಿ. ಚುನಾವಣೆ ಯಾಕೆ ನವೆಂಬರಿನಲ್ಲಿ, ಯಾಕೆ ಮಂಗಳವಾರ ಎಂಬುದೂ ಆ ಹೊಲಗಳನ್ನು ನೋಡಿದರೆ ತಿಳಿಯುತ್ತದೆ. 1845ರ ಕಾನೂನು ಅದು. ರಾಶಿ ಮುಗಿದಿರಬೇಕು, ಭಾನುವಾರದ ಪ್ರಾರ್ಥನೆ ತಪ್ಪಬಾರದು, ಕುದುರೆ ಗಾಡಿಯಲ್ಲಿ ಕೌಂಟಿ ಕೇಂದ್ರಕ್ಕೆ ಬರಲು ಸೋಮವಾರ ಒಂದು ದಿನ ಬೇಕು.

ನಾನು ಹೋದದ್ದು 2019ರ ಅಕ್ಟೋಬರಿನಲ್ಲಿ, ಎರಡನೆಯ ಸಲ ಮಗಳ ಮನೆಗೆ ಹೋದಾಗ. ಕ್ರೆಸ್ಕೋ ಹತ್ತಿರ ಧಾನ್ಯದ ದೊಡ್ಡ ಕಣಜದ ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು. ಸರದಿಯಲ್ಲಿ ಕಾಯುತ್ತಿದ್ದ ಹಿರಿಯರೊಬ್ಬರ ಬಳಿ ಅಳಿಯ ನನ್ನನ್ನು ಪರಿಚಯಿಸಿದ. ನೋಟುಪುಸ್ತಕದಲ್ಲಿ ಏಳು ಪ್ರಶ್ನೆ ಬರೆದುಕೊಂಡು ಹೋಗಿದ್ದೆ, 2012, 2016 ಎಂದು ವರ್ಷವಾರು. ಮೊದಲ ಪ್ರಶ್ನೆ ಕೇಳಿದೆ. ಆ ವರ್ಷ ನಾಟಿಗೆ ಮುಂಚೆ ಬಿಡದೆ ಸುರಿದ ಮಳೆಯ ಬಗ್ಗೆ, ಕಾಳಿನಲ್ಲಿ ಇನ್ನೂ ಉಳಿದಿರುವ ತೇವದ ಬಗ್ಗೆ, ಅದನ್ನು ಒಣಗಿಸಲು ಆಗುವ ಅನಿಲದ ಖರ್ಚಿನ ಬಗ್ಗೆ ಅವರು ಹೇಳಿದರು. ಎರಡನೆಯ ಪ್ರಶ್ನೆಗೆ ನನ್ನನ್ನೇ ನೋಡಿ, ನಿಮ್ಮಲ್ಲಿ ಎಕರೆಗೆ ಎಷ್ಟು ಬರುತ್ತದೆ ಎಂದು ಕೇಳಿದರು. ಒಳ್ಳೆಯ ಮಳೆಯಾದರೆ, ನಮ್ಮ ಕಡೆ ಜಾಣ ರೈತನಿಗೆ, ಇಪ್ಪತ್ತೈದು ಕ್ವಿಂಟಲ್ ಎಂದೆ. ಅಳಿಯ ಫೋನು ತೆಗೆಯುವಷ್ಟರಲ್ಲಿ ನಾನು ಬಾಯಿಲೆಕ್ಕದಲ್ಲೇ 98 ಬುಶೆಲ್ ಎಂದು ಹೇಳಿದೆ. ನೀರಾವರಿಯೋ ಮಳೆಯದೋ ಎಂದರು. ಮಳೆಯದು ಎಂದೆ. ತಲೆಯಾಡಿಸಿ, ಲಾರಿಯನ್ನು ಒಂದು ಗಾಡಿಯಷ್ಟು ಮುಂದಕ್ಕೆ ಬಿಟ್ಟು, ಮತ್ತೆ ಇಳಿದು ಬಂದು, ಸಾಲಿನಿಂದ ಸಾಲಿಗೆ ಎಷ್ಟು ಅಂತರ ಬಿಡುತ್ತೀರಿ ಎಂದು ಕೇಳಿದರು. ಉಳಿದ ಐದು ಪ್ರಶ್ನೆಗಳು ನೋಟುಪುಸ್ತಕದಲ್ಲಿ ಹಾಗೆಯೇ ಇವೆ. ಷರಾ ಕಾಲಂನಲ್ಲಿ ಆ ದಿನದ ದಿನಾಂಕ ಹಾಕಿ ‘ತೇವ, ಅನಿಲದ ಖರ್ಚು’ ಎಂದು ಬರೆದೆ.